ಜಾರುವ ಜಿ ತಂತಿ, ಸುಮ್ಮನೆ ತಿರುಗುವ ಸ್ಕ್ರೂ

ಪ್ರಶ್ನೆ: ನನ್ನದು ನಾಲ್ಕು ತಂತಿಯ ಬೇಸ್ ಗಿಟಾರ್. ಎಂಟು ವರ್ಷ ಹಳತು, ದೊಡ್ಡ ಬೆಲೆಯದ್ದೇನೂ ಅಲ್ಲ. ಒಂದು ಗಾನಮೇಳ ತಂಡದಲ್ಲೂ ನಮ್ಮ ಇಗರ್ಜಿಯ ಗಾಯನ ತಂಡದಲ್ಲೂ ನುಡಿಸುತ್ತೇನೆ. ಮಳೆಗಾಲ ಕಳೆದು ಕೇಸಿನಿಂದ ಹೊರಗೆ ತೆಗೆದಾಗಿನಿಂದ ಮೂರು ತೊಂದರೆ. 12ನೇ ಫ್ರೆಟ್, ಅಂದರೆ ಬೆರಳೊತ್ತುವಲ್ಲಿನ ಅಡ್ಡ ಲೋಹದ ಗೆರೆ, ದಾಟಿದರೆ ಜಿ ತಂತಿ ಬೆರಳಿನಡಿಯಿಂದ ಅಂಚಿಗೆ ಜಾರಿ ಬೀಳುತ್ತದೆ. ತಂತಿಗಳು ಬಹಳ ಎತ್ತರ ಆಗಿವೆ, ತಂತಿಯ ಬುಡವನ್ನು ಹೊತ್ತ ಸ್ಯಾಡಲ್ ಪೂರ್ತಿ ಇಳಿಸಿಯಾಯಿತು, ಇನ್ನು ಇಳಿಯುವುದಿಲ್ಲ. ನೆಕ್ಕನ್ನು, ಅಂದರೆ ಉದ್ದನೆಯ ಕತ್ತನ್ನು, ಹಿಂದಿನಿಂದ ಬಾಡಿಗೆ ಬಿಗಿದಿರುವ ನಾಲ್ಕು ಸ್ಕ್ರೂಗಳಲ್ಲಿ ಒಂದು ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಒಬ್ಬರು ನೆಕ್ ಬಿಚ್ಚಿ ಒಳಗೆ ಕಾರ್ಡಿನ ತುಂಡು ಇಟ್ಟು ಕೊಟ್ಟರು, ಎರಡು ವಾರದಲ್ಲಿ ಮೊದಲಿನ ಹಾಗೆಯೇ ಆಯಿತು. ಇನ್ನೊಬ್ಬರು ಅಂಟು ಹಾಕಿ ಕೂರಿಸಿಬಿಡಿ ಎನ್ನುತ್ತಾರೆ. ನೆಕ್ಕಿನೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಬೇಕೇ? ಹೊಸ ನೆಕ್ಕೇ ಬೇಕಾದೀತೇ?
(ಬದಿಯಡ್ಕದ ಓದುಗರು)

ಉತ್ತರ: ಅಂಟು ಹಾಕಬೇಡಿ. ಉಳಿದದ್ದನ್ನು ನಿಧಾನಕ್ಕೆ ಹೇಳುತ್ತೇನೆ, ಇದೊಂದು ಮಾತು ಮೊದಲು ಮನಸ್ಸಿನಲ್ಲಿರಲಿ. ಟ್ರಸ್ ರಾಡಿನ ಅಲೆನ್ ಕೀಯನ್ನೂ ಸದ್ಯಕ್ಕೆ ಡ್ರಾಯರಿನಲ್ಲಿಟ್ಟುಬಿಡಿ.

ಮೂರು ತೊಂದರೆ ಎಂದು ಬರೆದಿದ್ದೀರಿ. ನನಗೆ ಕಾಣುವುದು ಒಂದೇ, ಉಳಿದೆರಡು ಅದರ ಮಕ್ಕಳು. ನಾಲ್ಕರಲ್ಲಿ ಯಾವ ಸ್ಕ್ರೂ ಸುಮ್ಮನೆ ತಿರುಗುತ್ತಿದೆ ಎಂದು ನೀವು ಬರೆದಿಲ್ಲ. ನಾನೇ ಊಹಿಸಿ ಹೇಳುತ್ತೇನೆ: ತಲೆಯ ಕಡೆಗಿರುವ ಎರಡರಲ್ಲಿ ಒಂದು. ಹೌದಾದರೆ ಮುಂದೆ ಓದಿ. ಅಲ್ಲವಾದರೂ ಓದಿ, ಕೆಲಸ ಹೆಚ್ಚುಕಡಿಮೆ ಅದೇ.

ಹೀಗೆ ಬಾಡಿಗೆ ಬಿಗಿದ ನೆಕ್ಕಿಗೆ ಬೋಲ್ಟ್-ಆನ್ ಎನ್ನುತ್ತಾರೆ, ಆ ಹೆಸರೇ ದಾರಿ ತಪ್ಪಿಸುತ್ತದೆ. ಅಲ್ಲಿ ಬೋಲ್ಟೂ ಇಲ್ಲ, ಅದಕ್ಕೆ ನಟ್ಟೂ ಇಲ್ಲ. ಇರುವುದು ಬಾಗಿಲ ಬಿಜಾಗ್ರಿಗೆ ಹಾಕುವಂಥ ಮರದ ಸ್ಕ್ರೂ ನಾಲ್ಕು, ಅವುಗಳ ತಲೆ ಮರದೊಳಗೆ ಹೂತುಹೋಗದಂತೆ ಒಂದು ಲೋಹದ ತಗಡು. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಈ ಏರ್ಪಾಟನ್ನು ರೂಢಿಗೆ ತಂದವರು. 1951ರಲ್ಲಿ ಅವರು ಹೊರತಂದ ಪ್ರಿಸಿಷನ್ ಬೇಸಿನ ಮಾದರಿಯನ್ನೇ ನಿಮ್ಮ ಕೈಯಲ್ಲಿರುವ ವಾದ್ಯವೂ ಬಹುಮಟ್ಟಿಗೆ ಅನುಸರಿಸಿರುತ್ತದೆ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಕೆಟ್ಟದ್ದನ್ನು ಬಿಚ್ಚಲು ಬರಬೇಕು ಎಂಬ ರಿಪೇರಿಯವನ ಬುದ್ಧಿ ಇತ್ತು. ಅಂಟು ಹಾಕಿದರೆ ನೀವು ಕಳೆದುಕೊಳ್ಳುವುದು ಅದನ್ನೇ. ಮೇಲಾಗಿ ಬಾಡಿಯ ಆ ಗುಂಡಿಯೊಳಗೆ, ಅಂದರೆ ನೆಕ್ ಪಾಕೆಟ್ಟಿನಲ್ಲಿ, ಬಣ್ಣ ಮತ್ತು ಲ್ಯಾಕರ್ ಇರುತ್ತದೆ. ಅಂಟು ಹಿಡಿಯುವುದು ಬಣ್ಣವನ್ನು, ಮರವನ್ನಲ್ಲ. ಓರೆಯಾಗಿ ಅಂಟಿ ಕೂತರೆ ಮತ್ತೆ ಬಿಡಿಸುವುದು ಉಗಿ, ಚಾಕು ಮತ್ತು ಕಣ್ಣೀರಿನ ಕೆಲಸ.

ಈ ನಾಲ್ಕು ಸ್ಕ್ರೂಗಳ ಕೆಲಸ ಏನು ಎಂಬುದನ್ನು ಸರಿಯಾಗಿ ಹಿಡಿದುಕೊಂಡರೆ ಅರ್ಧ ರಿಪೇರಿ ಮುಗಿಯಿತು. ಸ್ಕ್ರೂ ಬಾಡಿಯನ್ನು ಕಚ್ಚಬಾರದು. ಬಾಡಿಯ ತೂತಿನಲ್ಲಿ ಅದು ಆರಾಮವಾಗಿ ಹಾದು ಹೋಗಬೇಕು, ಕಚ್ಚಬೇಕಾದದ್ದು ನೆಕ್ಕಿನ ಮರವನ್ನು ಮಾತ್ರ. ಆಗ ತಿರುಗಿಸಿದಷ್ಟೂ ನೆಕ್ಕನ್ನು ಎಳೆದು ತಂದು ಪಾಕೆಟ್ಟಿಗೆ ಒತ್ತುತ್ತದೆ. ಎರಡು ಹಲಗೆಯನ್ನು ಕ್ಲಾಂಪ್ ಹಾಕಿ ಒತ್ತಿದ ಹಾಗೆ. ಅಗ್ಗದ ವಾದ್ಯಗಳಲ್ಲಿ ಎರಡಕ್ಕೂ ಒಂದೇ ಬೈರಿಗೆಯಲ್ಲಿ ತೂತು ಹೊಡೆದುಬಿಡುತ್ತಾರೆ. ಆಗ ಸ್ಕ್ರೂವಿನ ಎಳೆ ಎರಡೂ ಮರವನ್ನು ಕಚ್ಚುತ್ತದೆ. ಕೂರಿಸುವಾಗ ನಡುವೆ ಕೂದಲೆಳೆಯಷ್ಟು ಎಡೆ ಇದ್ದರೆ ಆ ಎಡೆ ಹಾಗೆಯೇ ಉಳಿಯುತ್ತದೆ, ಎಷ್ಟು ಬಿಗಿದರೂ ಮುಚ್ಚುವುದಿಲ್ಲ. ಬಿಗಿಯಲಿಲ್ಲವಲ್ಲ ಎಂದು ಇನ್ನೂ ಒಂದು ಸುತ್ತು, ಮತ್ತೂ ಅರ್ಧ ಸುತ್ತು ತಿರುಗಿಸುತ್ತೇವೆ. ಕೊನೆಗೆ ನೆಕ್ಕಿನೊಳಗಿನ ಎಳೆ ಹರಿದು ಹುಡಿಯಾಗುತ್ತದೆ. ನಿಮ್ಮ ಸ್ಕ್ರೂ ಸುಮ್ಮನೆ ತಿರುಗುವುದರ ಹಿಂದಿನ ಕಥೆ ಹೆಚ್ಚಾಗಿ ಇದೇ ಇರಬೇಕು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ. ನಾಲ್ಕು ತಿಂಗಳು ಮರ ಉಬ್ಬುತ್ತದೆ, ಜಾತ್ರೆಯ ಸೀಸನ್ ಬರುವಾಗ ಒಣಗಿ ಕುಗ್ಗುತ್ತದೆ. ಎಂಟು ಸಲ ಹೀಗಾದರೆ ಸಡಿಲ ಇದ್ದದ್ದು ಪೂರ್ತಿ ಸಡಿಲವಾಗುತ್ತದೆ.

ಮುಂದಿನ ಸ್ಕ್ರೂ ಎಂದು ಯಾಕೆ ಊಹಿಸಿದೆ? ಬೇಸಿನ ನಾಲ್ಕು ತಂತಿಗಳು ಸೇರಿ 70 ಕಿಲೋಕ್ಕೂ ಮಿಕ್ಕಿ ಎಳೆಯುತ್ತವೆ, ಒಂದು ದೊಡ್ಡ ಅಕ್ಕಿ ಮೂಟೆಯನ್ನು ನೇತುಹಾಕಿದಷ್ಟು. ಈ ಎಳೆತ ನೆಕ್ಕಿನ ತಲೆಯನ್ನು ತಂತಿಯ ದಿಕ್ಕಿಗೆ ಮೇಲಕ್ಕೆತ್ತಲು ನೋಡುತ್ತದೆ. ನೆಕ್ಕಿನ ಹಿಮ್ಮಡಿಯ, ಅಂದರೆ ಪಾಕೆಟ್ಟಿನಲ್ಲಿ ಕೂರುವ ಬುಡದ, ಹಿಂಬದಿ ಪಾಕೆಟ್ಟಿಗೆ ಒತ್ತಿಕೊಳ್ಳುತ್ತದೆ, ಮುಂಬದಿ ಎದ್ದೇಳಲು ನೋಡುತ್ತದೆ. ಅದನ್ನು ಹಿಡಿದಿಡುವುದು ಮುಂದಿನ ಎರಡು ಸ್ಕ್ರೂ. ಅದರಲ್ಲಿ ಒಂದು ಕೈಕೊಟ್ಟರೆ ಮುಂಬಾಯಿ ತೆರೆಯುತ್ತದೆ, ತಂತಿ ಎತ್ತರವಾಗುತ್ತದೆ. ನೀವು ಸ್ಯಾಡಲ್ ಇಳಿಸುತ್ತೀರಿ. ಮತ್ತೆ ಎತ್ತರವಾಗುತ್ತದೆ, ಮತ್ತೆ ಇಳಿಸುತ್ತೀರಿ. ಒಂದು ದಿನ ಸ್ಯಾಡಲ್ ತಳ ಮುಟ್ಟುತ್ತದೆ. ಒತ್ತು ಕಳೆದುಕೊಂಡ ನೆಕ್ ಅಡ್ಡಕ್ಕೂ ಜಾರುತ್ತದೆ, ಜಿ ತಂತಿ ಅಂಚಿಗೆ ಬರುತ್ತದೆ. ಕಾರ್ಡು ಇಟ್ಟವರು ಎತ್ತರಕ್ಕೆ ಮದ್ದು ಕೊಟ್ಟರು, ಸ್ಕ್ರೂವನ್ನು ನೋಡಲಿಲ್ಲ. ಎರಡು ವಾರ ಬಾಳಿದ್ದೇ ಹೆಚ್ಚು.

ಪರೀಕ್ಷೆ ಸುಲಭ. ತಂತಿ ಶ್ರುತಿಯಲ್ಲಿರುವಾಗಲೇ ನೆಕ್ಕಿನ ಹಿಂಬದಿ ಬಾಡಿಯನ್ನು ಸೇರುವ ಆ ಗೆರೆಯ ಹತ್ತಿರ ಬಸ್ಸಿನ ಟಿಕೇಟು ತೂರಿಸಿ ನೋಡಿ. ಕುಂಬಳೆಯಿಂದ ಬದಿಯಡ್ಕಕ್ಕೆ ಕೊಡುವ ಆ ತೆಳು ಕಾಗದವೇ ಸಾಕು. ಸರಿಯಾಗಿ ಕೂತ ನೆಕ್ಕಿನಲ್ಲಿ ಅದು ಅಂಚಿನಲ್ಲೇ ಮಡಚಿಕೊಳ್ಳುತ್ತದೆ. ಒಳಗೆ ಹೋದರೆ, ಅದೂ ಹಾಳಾದ ಸ್ಕ್ರೂವಿನ ಬದಿಯಲ್ಲಿ ಹೆಚ್ಚು ಆಳಕ್ಕೆ ಹೋದರೆ, ಬೇರೆ ಸಾಕ್ಷಿ ಬೇಡ.

ಇನ್ನು ಕೆಲಸ. ತಂತಿಗಳನ್ನು ಪೂರ್ತಿ ಸಡಿಲಿಸಿ, ಸ್ಕ್ರೂಗಳನ್ನು ಕೈಯ ಸ್ಕ್ರೂಡ್ರೈವರಿನಲ್ಲೇ ಬಿಚ್ಚಿ. ಸಮುದ್ರದ ಬದಿಯ ಮನೆಗಳಿಂದ ಬರುವ ಗಿಟಾರುಗಳಲ್ಲಿ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಠ ಮಾಡಿದರೆ ತಲೆ ಮುರಿಯುತ್ತದೆ. ಬಿಸಿ ಸೋಲ್ಡರಿಂಗ್ ಐರನ್ನನ್ನು ಸ್ಕ್ರೂವಿನ ತಲೆಗೆ ಒಂದೆರಡು ನಿಮಿಷ ಒತ್ತಿ ಹಿಡಿದು, ಸ್ವಲ್ಪ ಆರಿದ ಮೇಲೆ ತಿರುಗಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಯಾವ ಸ್ಕ್ರೂ ಯಾವ ತೂತಿನದು ಎಂದು ರಟ್ಟಿನ ಮೇಲೆ ನಾಲ್ಕು ತೂತು ಮಾಡಿ ಅದರಲ್ಲೇ ಚುಚ್ಚಿಡಿ. ಒಳಗಿನ ಕಾರ್ಡು ತೆಗೆದು ಬಿಸಾಡಿ. ಅದು ಬೇಕಾಗಿತ್ತೋ ಇಲ್ಲವೋ ಎಂಬುದು ಆಮೇಲೆ ಗೊತ್ತಾಗುತ್ತದೆ.

ಈಗ ಬಾಡಿಯ ತೂತುಗಳಿಗೆ ಸ್ಕ್ರೂ ಹಾಕಿ ನೋಡಿ. ಬೆರಳಲ್ಲಿ ತಳ್ಳಿದರೆ ಆಚೆ ಬರಬೇಕು. ಸ್ಕ್ರೂಡ್ರೈವರ್ ಬೇಕಾದರೆ ತೂತು ಬಿಗಿ ಎಂದೇ ಅರ್ಥ. ಇಂಥ ಸ್ಕ್ರೂ ಸಾಮಾನ್ಯವಾಗಿ 4.2 ಮಿ.ಮೀ. ದಪ್ಪ, 45 ಮಿ.ಮೀ. ಉದ್ದ ಇರುತ್ತದೆ. ಬಾಡಿಯ ತೂತನ್ನು 4.5 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಹಿಗ್ಗಿಸಿ. ಪಾಕೆಟ್ಟಿನೊಳಗೆ ತೂತಿನ ಬಾಯಿ ನೋಡಿ, ನೆಕ್ಕಿನ ಹಿಮ್ಮಡಿಯಲ್ಲೂ ನೋಡಿ. ಸ್ಕ್ರೂ ಎಳೆದೆಳೆದು ಮರ ಸಣ್ಣ ಇರುವೆಗೂಡಿನ ಹಾಗೆ ಉಬ್ಬಿಕೊಂಡಿರುತ್ತದೆ. ಬೆರಳ ತುದಿಗೆ ಮುಟ್ಟಿದರೆ ತಿಳಿಯುತ್ತದೆ. ನೆಕ್ ಪೂರ್ತಿ ಕೂರದಿರಲು ಆ ಉಬ್ಬೇ ಸಾಕು. ದಪ್ಪ ಬಿಟ್ಟನ್ನು ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸಿ ಅದನ್ನು ಕೆರೆದು ತೆಗೆಯಿರಿ. ಗಡ್ಡೆಗಟ್ಟಿದ ಬಣ್ಣ ಇದ್ದರೆ ಅದನ್ನೂ. ಆದರೆ ಪಾಕೆಟ್ಟಿನ ತಳವನ್ನು ಸ್ಯಾಂಡ್ ಪೇಪರಿನಿಂದ ಉಜ್ಜುವ ಆಸೆ ಬೇಡ. ಕೈಯಲ್ಲಿ ಉಜ್ಜಿದ ತಳ ಸಪಾಟಾಗುವುದಿಲ್ಲ, ದೋಣಿಯಾಗುತ್ತದೆ.

ಹರಿದ ತೂತಿಗೆ ನಮ್ಮ ಕಡೆ ನಡೆಯುವ ಮದ್ದು ಎರಡು. ಒಂದು, ಬೆಂಕಿಕಡ್ಡಿ ಮುರಿದು ಅಂಟಿನೊಂದಿಗೆ ತುರುಕುವುದು. ನಾಳೆ ಸಂಜೆ ಮುಳ್ಳೇರಿಯದಲ್ಲಿ ಕಾರ್ಯಕ್ರಮ ಉಂಟು ಎಂದಾದರೆ ಮಾಡಿ, ಬೈಯುವುದಿಲ್ಲ, ಆದರೆ ಅದು ಒಂದು ಸಂಜೆಯ ಮಾತು. ಇನ್ನೊಂದು, ಎರಡು ಬಣ್ಣದ ಎಪಾಕ್ಸಿ ಹಿಟ್ಟು ಕಲಸಿ ತುಂಬುವುದು. ಅದರಲ್ಲಿ ಸ್ಕ್ರೂವಿನ ಎಳೆ ಕೊರೆದುಕೊಳ್ಳುವುದಿಲ್ಲ, ಪುಡಿಯಾಗುತ್ತದೆ, ಆಮೇಲೆ ಅದನ್ನು ತೆಗೆಯುವವನು ನಾನು. ಸರಿಯಾದ ದಾರಿ ಮರದ ಬಿರಡೆ. ತೂತನ್ನು 8 ಅಥವಾ 9 ಮಿ.ಮೀ.ಗೆ ಹಿಗ್ಗಿಸಿ ಗಟ್ಟಿ ಮರದ ಬಿರಡೆ ಅಂಟಿಸಿ, ಒಣಗಿದ ಮೇಲೆ ಹೊಸ ತೂತು ಹೊಡೆಯುವುದು.

ಇಲ್ಲೊಂದು ಸೂಕ್ಷ್ಮ ಉಂಟು. ಅಂಗಡಿಯಲ್ಲಿ ಸಿಗುವ ಗುಂಡನೆಯ ಕಡ್ಡಿಯಲ್ಲಿ ಮರದ ನಾರು ಕಡ್ಡಿಯ ಉದ್ದಕ್ಕೇ ಓಡುತ್ತದೆ. ಅದನ್ನು ತೂತಿಗಿಳಿಸಿದರೆ ಸ್ಕ್ರೂ ನಾರುಗಳ ನಡುವೆ ಸಮಾನಾಂತರವಾಗಿ ಹೋಗುತ್ತದೆ. ಕಟ್ಟಿಗೆಯನ್ನು ಬುಡದಿಂದ ಸೀಳಿದ ಹಾಗೆ, ಹಿಡಿತ ಕಡಿಮೆ. ಬೇಕಾದದ್ದು ಹಲಗೆಯ ಅಗಲದ ಮುಖದಿಂದ ಪ್ಲಗ್ ಕಟರಿನಲ್ಲಿ ಕತ್ತರಿಸಿ ತೆಗೆದ ಬಿರಡೆ, ಅದರ ನಾರು ಅಡ್ಡಕ್ಕೆ ಓಡುತ್ತದೆ. ಅಂಟಿಸುವಾಗ ಆ ನಾರು ನೆಕ್ಕಿನ ಉದ್ದಕ್ಕೆ ಹೊಂದುವಂತೆ ತಿರುಗಿಸಿ ಕೂರಿಸಿ. ಆಗ ಸ್ಕ್ರೂ ನಾರನ್ನು ಅಡ್ಡಕ್ಕೆ ಕಚ್ಚುತ್ತದೆ, ಮೂಲ ಮರದ ಹಾಗೆಯೇ. ನೆಕ್ ಹೆಚ್ಚಾಗಿ ಮೇಪಲ್ ಮರದ್ದು. ನಮಗೆ ಮೇಪಲ್ ಎಲ್ಲಿಂದ? ನಾನು ಬೀಟೆಯ ತುಂಡು ಬಳಸುತ್ತೇನೆ. ಮದ್ದಲೆಗೆ ಒಳ್ಳೆಯದೆಂದು ಹಲಸು ಇದಕ್ಕೂ ಆದೀತೇ ಎಂದು ಕೇಳುವವರಿದ್ದಾರೆ. ಬೀಟೆ ಸಿಗುವಾಗ ಹಲಸಿನ ಗೊಡವೆಗೆ ಹೋಗಬೇಡಿ, ಅಷ್ಟು ಗಟ್ಟಿ ಅದಲ್ಲ.

ಆಳದ ಬಗ್ಗೆ ಎಚ್ಚರ. ನೆಕ್ಕಿನ ಹಿಮ್ಮಡಿ ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್ಟುಗಳು ಕೂತ ಹಲಗೆ, ಸೇರಿ ಸುಮಾರು 25 ಮಿ.ಮೀ. ದಪ್ಪ. ಸ್ಕ್ರೂ ಅದರೊಳಗೆ ಹೋಗುವುದು 15 ಮಿ.ಮೀ. ಆಸುಪಾಸು. ಬಿಟ್ಟಿಗೆ 18 ಮಿ.ಮೀ. ಅಳತೆಯಲ್ಲಿ ಬಣ್ಣದ ಟೇಪು ಸುತ್ತಿ, ಟೇಪು ಮರ ಮುಟ್ಟಿದ ಕೂಡಲೇ ನಿಲ್ಲಿಸಿ. ಈ ಕೆಲಸಕ್ಕೆ ಇಳಿದ ಮೊದಲ ವರ್ಷ ನಾನು ಟೇಪು ಸುತ್ತಿರಲಿಲ್ಲ. ಡ್ರಿಲ್ ಬಿಟ್ಟು ಫ್ರೆಟ್‌ಬೋರ್ಡನ್ನು ದಾಟಿ ಆಚೆ ಬಂದು ನನ್ನನ್ನು ನೋಡಿತು, 18ನೇ ಫ್ರೆಟ್ಟಿನ ಮನೆಯಲ್ಲಿ. ಮುತ್ತುಚಿಪ್ಪಿನ ಚುಕ್ಕೆಯೊಂದನ್ನು ಅಂಟಿಸಿ ಮುಚ್ಚಿದೆ. ಲೋಕದ ಎಲ್ಲ ಗಿಟಾರಿಗೂ 17ರಲ್ಲಿ, 19ರಲ್ಲಿ ಚುಕ್ಕೆ ಇದ್ದರೆ ಆ ಹುಡುಗನ ಗಿಟಾರಿಗೆ 18ರಲ್ಲೂ ಒಂದು ಇದೆ. ಅವನು ಒಳ್ಳೆಯವನು, ದುಡ್ಡು ಕೇಳಲಿಲ್ಲ. ನಾನೂ ಕೇಳಲಿಲ್ಲ ಎನ್ನಿ.

ಬಿರಡೆಗೆ ಮರಗೆಲಸದ ಬಿಳಿ ಅಂಟು ಸಾಕು. ಬೇಸಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಒಣಗಲಿ. ಆಮೇಲೆ ಉಬ್ಬಿದ ತುದಿಯನ್ನು ಉಳಿಯಿಂದ ನೆಕ್ಕಿನ ಸಮಕ್ಕೆ ತೆಗೆದು, ನೆಕ್ಕನ್ನು ಪಾಕೆಟ್ಟಿನಲ್ಲಿ ಸರಿಯಾಗಿ ಕೂರಿಸಿ ಹಿಡಿದು, ಬಾಡಿಯ ತೂತಿನ ಮೂಲಕ 4.5ರ ಬಿಟ್ಟಿನ ತುದಿಯಿಂದ ನಡು ಗುರುತು ಮಾಡಿಕೊಳ್ಳಿ. ಹೊಸ ತೂತು 3.2 ಮಿ.ಮೀ. ಸ್ಕ್ರೂವಿಗೆ ಮೇಣದ ಬತ್ತಿ ಉಜ್ಜಿ. ಸಾಬೂನು ಉಜ್ಜುವವರಿದ್ದಾರೆ, ಬೇಡ, ಅದು ನೀರು ಹೀರಿ ತುಕ್ಕು ತರಿಸುತ್ತದೆ.

ಹಳೆಯ ಮೂರು ತೂತುಗಳಿಗೆ ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ ಟಕ್ ಎಂದು ಸ್ಕ್ರೂ ಸ್ವಲ್ಪ ಕೆಳಗೆ ಬೀಳುತ್ತದೆ, ಹಳೆಯ ಎಳೆ ಸಿಕ್ಕಿತು ಎಂದರ್ಥ. ಅಲ್ಲಿಂದ ಬಲಕ್ಕೆ ತಿರುಗಿಸಿ. ಇಲ್ಲವಾದರೆ ಪ್ರತಿಸಲ ಹೊಸ ಎಳೆ ಕೊರೆದು ತೂತು ಬೇಗ ಸಾಯುತ್ತದೆ. ಜೀಪಿನ ಚಕ್ರದ ನಟ್ಟು ಬಿಗಿಯುವ ಹಾಗೆ ಎದುರುಬದುರಾಗಿ, ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ. ಬ್ಯಾಟರಿ ಡ್ರಿಲ್ಲಿನಿಂದ ಬಿಗಿಯುವವರ ಕೈಗೆ ವಾದ್ಯ ಕೊಡಬೇಡಿ. ಕೈಗೆ ಬಿಗಿ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ.

ಈಗ ಜಿ ತಂತಿಯ ವಿಚಾರ. ಪಾಕೆಟ್ಟಿನಲ್ಲಿ ಅರ್ಧ ಮಿ.ಮೀ. ಸಡಿಲ ಇದ್ದರೆ ಎಷ್ಟು ವ್ಯತ್ಯಾಸ ಆದೀತು ಎಂದು ಹಲವರು ಕೇಳುತ್ತಾರೆ. 34 ಇಂಚಿನ, ಅಂದರೆ 864 ಮಿ.ಮೀ. ಉದ್ದದ ತಂತಿಯ ಬೇಸಿನಲ್ಲಿ ಪಾಕೆಟ್ 80 ಮಿ.ಮೀ. ಇದ್ದರೆ, ಅದರ ಮುಂಬದಿಯಿಂದ ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಗೆ, ಅಂದರೆ ಗಿಟಾರಿನವರು ಹೇಳುವ ನಟ್ಟಿಗೆ, 520 ಮಿ.ಮೀ. ದೂರ. ಇಲ್ಲಿನ ಅರ್ಧ ಮಿ.ಮೀ. ಅಲ್ಲಿಗೆ ತಲುಪುವಾಗ ಮೂರು ಮಿ.ಮೀ. ದಾಟುತ್ತದೆ. ನಟ್ಟಿನೊಂದಿಗೆ ತಂತಿಯೂ ಓರೆಯಾಗುವುದರಿಂದ ಕೊನೆಯ ಫ್ರೆಟ್ಟುಗಳ ಹತ್ತಿರ ತಂತಿ ಒಂದು ಮಿ.ಮೀ. ಅಂಚಿಗೆ ಸರಿಯುತ್ತದೆ. ಜಿ ತಂತಿ ಜಾರಿ ಬೀಳಲು ಅಷ್ಟು ಧಾರಾಳ.

ತಂತಿಗಳನ್ನು ಹಾಕಿ ಶ್ರುತಿಯ ಅರ್ಧದಷ್ಟು ಬಿಗಿ ಮಾಡಿ. ನಾಲ್ಕೂ ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿ. ಬಾಡಿಯನ್ನು ಎರಡು ತೊಡೆಗಳ ನಡುವೆ ಹಿಡಿದು, ತಲೆಯನ್ನು ಮೇಲಕ್ಕೆ, ಅಂದರೆ ದಪ್ಪದ ಇ ತಂತಿಯ ಕಡೆಗೆ, ಮೆಲ್ಲ ಒತ್ತಿ. ದಿಕ್ಕು ನೆನಪಿಡಿ: ಜಿ ಜಾರಿದರೆ ತಲೆ ಇ ಕಡೆಗೆ, ಇ ಜಾರಿದರೆ ಜಿ ಕಡೆಗೆ. ಒಣ ಮರ ಮುರಿದ ಹಾಗೆ ಸಣ್ಣದೊಂದು ಟಿಕ್ ಶಬ್ದ ಬರುತ್ತದೆ. ಹೆದರಬೇಡಿ, ನೆಕ್ ಜಾಗ ಬದಲಿಸಿತು ಅಷ್ಟೆ. ಹಾಗೆಯೇ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಸ್ಕ್ರೂ ಬಿಗಿಯಲಿ. ಈ ಕೆಲಸಕ್ಕೆ ಎರಡು ಜನ ಬೇಕು, ನನಗೆ ನನ್ನ ಹೆಂಡತಿ ಹಿಡಿದುಕೊಡುತ್ತಾಳೆ. ಆಮೇಲೆ ಬ್ರಿಡ್ಜಿನ, ಅಂದರೆ ಸ್ಯಾಡಲ್ ಇರುವ ತುದಿಯ, ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಕೊನೆಯ ಫ್ರೆಟ್ಟಿನಲ್ಲಿ ಇ ತಂತಿಯಿಂದ ಅದರ ಅಂಚಿಗೆ, ಜಿ ತಂತಿಯಿಂದ ಅದರ ಅಂಚಿಗೆ ಇರುವ ಜಾಗ ಹೆಚ್ಚುಕಡಿಮೆ ಸಮ ಇರಬೇಕು.

ಸಮ ಮಾಡಿದ ಮೇಲೆ ಪಾಕೆಟ್ಟಿನ ಬದಿಯಲ್ಲಿ ಉಗುರು ಹೋಗುವಷ್ಟು ಸಂದು ಉಳಿದರೆ ತೆಳು ವೆನೀರ್ ಪಟ್ಟಿಯನ್ನು ಪಾಕೆಟ್ಟಿನ ಗೋಡೆಗೆ ಅಂಟಿಸಿ. ನೆಕ್ಕಿಗೆ ಅಂಟಿಸಬೇಡಿ. ಪೂರ್ತಿ ಬಿಗಿಯೂ ಮಾಡಬೇಡಿ. ಸ್ಕ್ರೂ ಇಲ್ಲದೆಯೇ ನೆಕ್ ಹಿಡಿದೆತ್ತಿದರೆ ಬಾಡಿ ನೇತಾಡಬೇಕು ಎಂದು ಹೆಮ್ಮೆಪಡುವವರಿದ್ದಾರೆ. ಜುಲೈಯಲ್ಲಿ ಆ ನೆಕ್ ಉಬ್ಬಿದಾಗ ಪಾಕೆಟ್ಟಿನ ಮೂಲೆಯಲ್ಲಿ ಬಣ್ಣ ಬಿರುಕು ಬಿಡುವುದನ್ನು ಅವರು ನೋಡಿಲ್ಲ. ಒಂದು ಕಾಗದದಷ್ಟು ಉಸಿರಾಡಲು ಬಿಡಿ.

ಇಷ್ಟಾದ ಮೇಲೆ ಸ್ಯಾಡಲ್ ಎಲ್ಲಿಗೆ ಬಂತು ನೋಡಿ. ನನ್ನ ಅಂದಾಜಿನಲ್ಲಿ ನಿಮಗೆ ಶಿಮ್, ಅಂದರೆ ನೆಕ್ಕಿನಡಿ ಇಡುವ ತೆಳು ಪಟ್ಟಿ, ಬೇಕಾಗಲಿಕ್ಕಿಲ್ಲ. ಸ್ಯಾಡಲ್ ತಳ ಮುಟ್ಟಿಯೂ ತಂತಿ ಇನ್ನೂ ಎತ್ತರ ಇದ್ದರೆ ಮಾತ್ರ ಪಾಕೆಟ್ಟಿನ ಹಿಂಬದಿಗೆ, ಬ್ರಿಡ್ಜಿನ ಕಡೆಗೆ, ಶಿಮ್. ಅಲ್ಲಿ ಅರ್ಧ ಮಿ.ಮೀ. ಏರಿಸಿದರೆ ಬ್ರಿಡ್ಜಿನ ಹತ್ತಿರ ಎರಡು ಮಿ.ಮೀ.ಯಷ್ಟು ಫರಕು ಬರುತ್ತದೆ, ಹಾಗಾಗಿ ಕಾಲು ಮಿ.ಮೀ.ಯಿಂದ ಶುರು ಮಾಡಿ. ಕಾರ್ಡಿನ ಸಣ್ಣ ತುಂಡು ಇಟ್ಟರೆ ಅದರ ಮುಂದೆ ಟೊಳ್ಳು ಉಳಿಯುತ್ತದೆ. ಸ್ಕ್ರೂ ಬಿಗಿದಾಗ ನೆಕ್ಕಿನ ಹಿಮ್ಮಡಿ ಆ ಟೊಳ್ಳಿನೊಳಗೆ ಬಗ್ಗುತ್ತದೆ, ಕ್ರಮೇಣ ಕೊನೆಯ ಫ್ರೆಟ್ಟುಗಳು ಮೇಲಕ್ಕೆದ್ದು ತಂತಿ ಕಿರಿಕಿರಿ ಮಾಡುವುದನ್ನು ನಾನು ಕಂಡಿದ್ದೇನೆ. ಎಲ್ಲರೂ ಒಪ್ಪುವ ಮಾತಲ್ಲ ಇದು. ಆದರೂ ಪಾಕೆಟ್ಟಿನ ಪೂರ್ತಿ ಅಳತೆಗೆ, ಒಂದು ಕಡೆ ದಪ್ಪ ಇನ್ನೊಂದು ಕಡೆ ಸೊನ್ನೆಗಿಳಿಯುವ ಮರದ ಪಟ್ಟಿ ಮಾಡಿ ಹಾಕಿದ ಮೇಲೆ ಅಂಥ ದೂರು ನನ್ನ ಬಾಗಿಲಿಗೆ ಬಂದಿಲ್ಲ.

ಟ್ರಸ್ ರಾಡಿನ ಕೀಯನ್ನು ಈಗ ಡ್ರಾಯರಿನಿಂದ ಹೊರಗೆ ತೆಗೆಯಬಹುದು. ಆ ರಾಡ್ ನೆಕ್ಕಿನ ಬಾಗು ಸರಿಪಡಿಸುವ ಸಾಧನ, ತಂತಿಯ ಎತ್ತರದ್ದಲ್ಲ. ವಾದ್ಯವನ್ನು ಶ್ರುತಿ ಮಾಡಿ ಎರಡು ದಿನ ಬಿಟ್ಟು, ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು 8ನೇ ಫ್ರೆಟ್ಟಿನ ಮೇಲಿನ ಎಡೆ ನೋಡಿ. 0.3ರಿಂದ 0.4 ಮಿ.ಮೀ. ಇದ್ದರೆ ಮುಟ್ಟಬೇಡಿ. ಹೆಚ್ಚಿದ್ದರೆ ಬಲಕ್ಕೆ ಕಾಲು ಸುತ್ತು, ಮತ್ತೆ ಒಂದು ದಿನ ಕಾಯಿರಿ. ಆಮೇಲೆ ಸ್ಯಾಡಲ್: 12ನೇ ಫ್ರೆಟ್ಟಿನಲ್ಲಿ ಇ ತಂತಿ 2.5, ಜಿ ತಂತಿ 2 ಮಿ.ಮೀ. ಆಸುಪಾಸು.

ಹೊಸ ನೆಕ್ ಯಾವಾಗ ಬೇಕು? ಉದ್ದಕ್ಕೆ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ ಪೂರ್ತಿ ಬಿಗಿದಿದ್ದರೂ ಬಾಗು ಹೋಗದಿದ್ದರೆ, ಹಿಮ್ಮಡಿ ಸ್ಕ್ರೂವಿನಿಂದ ಸ್ಕ್ರೂವಿಗೆ ಸೀಳಿದ್ದರೆ. ಸಣ್ಣ ಸೀಳಿಗೆ ತೆಳು ಅಂಟು ಇಳಿಸಿ ಕ್ಲಾಂಪ್ ಹಾಕಿದರೆ ಸಾಕು. ನೀವು ಬರೆದದ್ದರಲ್ಲಿ ಇವು ಯಾವುದೂ ಇಲ್ಲ.

ಡ್ರಿಲ್ ಹಿಡಿಯಲು ಧೈರ್ಯ ಬಾರದಿದ್ದರೆ ಬಿರಡೆಯ ಕೆಲಸವನ್ನು ಊರಿನ ಒಳ್ಳೆಯ ಆಚಾರಿಯೊಬ್ಬರಿಗೆ ಕೊಡಿ. ಅವರಿಗೆ ಗಿಟಾರ್ ಗೊತ್ತಿರಬೇಕೆಂದಿಲ್ಲ. ನೆಕ್ಕೊಂದನ್ನೇ ಒಯ್ದು ಎರಡು ಮಾತು ಹೇಳಿ: ನಾರು ಉದ್ದಕ್ಕೆ ಬರಲಿ, ತೂತು 18 ಮಿ.ಮೀ.ಗಿಂತ ಆಳಕ್ಕೆ ಹೋಗುವುದು ಬೇಡ. ಟೇಪು ನೀವೇ ಸುತ್ತಿಕೊಡಿ.